ಲೆಕ್ಕಕ್ಕಿಲ್ಲದ ಹತ್ತು ಮಂದಿ

ಜನ ಸೇರಿಸುವುದು ನನ್ನ ಹುಟ್ಟುಗುಣ. ಈ ಪರದೇಶದ ಮೌಂಟ್ ರಾಸ್ಕಿಲ್‌ನ ನಮ್ಮ ಬಾಡಿಗೆ ಮನೆಯ ಪುಟ್ಟ ಹಾಲಿನಲ್ಲಿ ಸತ್ಯನಾರಾಯಣ ಪೂಜೆಗೆ ನಲವತ್ತು ಜನರನ್ನು ಸೇರಿಸಿ ಊಟ ಹಾಕಿದವಳು ನಾನು. ಕೂರಲು ಜಾಗವಿಲ್ಲದ ಗಂಡಸರು ಗ್ಯಾರೇಜಿನಲ್ಲಿ ನಿಂತೇ ಪಾಯಸ ಕುಡಿದಿದ್ದರು. ಹೀಗಿರುವಾಗ ಪಕ್ಕದ ಮನೆಯ ಆಂಟಿ ಬೇಲಿಯ ಆಚೆ ನಿಂತು, "ಈ ಸಲ ಹತ್ತು ಜನ ಸಿಗುವುದಿಲ್ಲ" ಎಂದು ಕಣ್ಣೊರೆಸಿಕೊಂಡರೆ ನನಗೆ ಹೇಗಾಗಬೇಡ? ಬರೀ ಹತ್ತು ಜನಕ್ಕೆ ಇಷ್ಟೊಂದು ಸಂಕಟವೇ ಅನಿಸಿತು.

ಆಂಟಿ ಯಹೂದಿ ಹೆಂಗಸು, ಎಪ್ಪತ್ತು ದಾಟಿದವರು, ಗಂಡ ತೀರಿಕೊಂಡ ಮೇಲೆ ಒಂಟಿಯಾಗಿದ್ದರು. ಡೇರಿ ಎಂದರೆ ಇಲ್ಲಿ ಹಾಲಿನ ಡೇರಿಯಲ್ಲ, ಮೂಲೆಯ ಕಿರಾಣಿ ಅಂಗಡಿ ಎಂದು ನನಗೆ ಹೇಳಿಕೊಟ್ಟವರೇ ಅವರು. ಮಗಳಿಗೆ ಜ್ವರ ಬಂದಾಗ ಒಮ್ಮೆ ಕೋಳಿ ಸಾರು ಹಿಡಿದು ಬಂದವರು, ನಾವು ತಿನ್ನುವುದಿಲ್ಲವೆಂದು ನೆನಪಾಗಿ ಬಾಗಿಲಿನಿಂದಲೇ ಹಿಂತಿರುಗಿ, ತರಕಾರಿ ಸಾರು ಮಾಡಿಕೊಂಡು ಮತ್ತೆ ಬಂದರು. ಅಂಥವರನ್ನು ನಾನು ಆಂಟಿ ಎನ್ನುತ್ತಿದ್ದುದು ಬಾಯಿಮಾತಿಗಲ್ಲ.

ಆ ಚಳಿಗಾಲ ಯಾರೋ ಪಾಪಿಗಳು ಅವರ ಸ್ಮಶಾನಕ್ಕೆ ನುಗ್ಗಿ ಗೋರಿಕಲ್ಲುಗಳನ್ನು ಉರುಳಿಸಿ, ಒಡೆದು, ಮೇಲೆಲ್ಲ ಬಣ್ಣದಲ್ಲಿ ಹೇಸಿಗೆ ಮಾತು ಬರೆದಿದ್ದರು. ಆಂಟಿಯ ಗಂಡನ ಕಲ್ಲು ಎರಡು ಹೋಳಾಗಿತ್ತು. ಬದುಕಿರುವವರ ಮೇಲಿನ ದ್ವೇಷವನ್ನು ಸತ್ತವರ ಮೇಲೆ ತೀರಿಸಿಕೊಳ್ಳುವ ಹೇಡಿಗಳ ವಿಷಯ ಕೇಳಿ ನನ್ನ ಮೈಯೆಲ್ಲ ಉರಿಯಿತು. ಅದರ ಬೆನ್ನಿಗೇ ಅವರ ಗಂಡ ತೀರಿಕೊಂಡ ದಿನ ಬರುತ್ತಿತ್ತು. ಆ ದಿನ ಗೋರಿಯ ಮುಂದೆ ಹೇಳುವ ಒಂದು ಪ್ರಾರ್ಥನೆ ಇದೆಯಂತೆ. ಒಬ್ಬರೇ ಹೇಳುವ ಹಾಗಿಲ್ಲ, ಹತ್ತು ಜನ ಸೇರಿರಲೇಬೇಕು. ಪ್ರತಿ ವರ್ಷ ತಪ್ಪದೆ ಹೇಳಿದವರು ಈ ಸಲ ಕೈಚೆಲ್ಲಿದ್ದರು. ಅವರ ಜನಕ್ಕೆ ಅಲ್ಲಿ ಕಾಲಿಡಲು ಭಯ.

"ಮನೆಯಲ್ಲೇ ದೀಪ ಹಚ್ಚಿ ಸುಮ್ಮನಿದ್ದುಬಿಡುತ್ತೇನೆ" ಎಂದರು.

"ಸುಮ್ಮನೆ ಯಾಕಿರ್ತೀರಿ? ಹತ್ತು ಜನ ನನ್ನ ಜವಾಬ್ದಾರಿ" ಎಂದುಬಿಟ್ಟೆ. ಆಂಟಿ ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ, ತಲೆಯಾಡಿಸಿದರು.

ಮೊದಲು ಹೋದದ್ದು ಮಸಾಲೆ ಸಾಮಾನಿನ ಅಂಗಡಿಗೆ. ಅಂಗಡಿಯ ಯಜಮಾನರು ಹುಬ್ಬಳ್ಳಿ ಕಡೆಯ ಮುಸ್ಲಿಮರು. ನಾನು ಮಾತು ಮುಗಿಸುವ ಮುಂಚೆಯೇ, "ಅಕ್ಕಾರ, ನಮ್ಮನ್ನ ಮೊದಲ ಹಿಡೀರಿ. ಹ್ವಾದ ವರ್ಷ ನಮ್ಮ ಅಂಗಡಿ ಗ್ಲಾಸ್ ಒಡದಾಗ ಕಸಬರಗಿ ಹಿಡಕೊಂಡು ಬಂದವರು ಆ ಅಮ್ಮಾರ ಒಬ್ಬರ. ವ್ಯಾನೂ ನಂದ ಇರಲಿ" ಎಂದರು. ಅವರು, ಅವರ ಹೆಂಡತಿ, ನಾನು, ನನ್ನ ಗಂಡ, ನಮ್ಮ ಕನ್ನಡ ಬಳಗದ ಇನ್ನಷ್ಟು ಮಂದಿ. ಒಬ್ಬರು ಮಾತ್ರ ಕಡಿಮೆ ಬಿದ್ದರು.

ಮೈಸೂರಿನಿಂದ ಬಂದಿದ್ದ ಅತ್ತೆ ಇದನ್ನೆಲ್ಲ ನೋಡಿ, "ಸ್ಮಶಾನಕ್ಕೆ ಜನ ಕರೀತೀಯಲ್ಲ, ಅದೇನು ಸೀಮಂತಾನೇನೇ?" ಎಂದು ಮೂಗು ಮುರಿದಿದ್ದರು.

"ಅವರ ಗಂಡನ ತಿಥಿ ಅತ್ತೆ. ನಮ್ಮ ಹಾಗೇ ಚಂದ್ರನ ಲೆಕ್ಕ ಅವರಿಗೂ. ಇಂಗ್ಲಿಷ್ ತಾರೀಖಲ್ಲ."

ಅತ್ತೆ ಬಿಡಿಸುತ್ತಿದ್ದ ಬಟಾಣಿಯನ್ನು ಅಲ್ಲೇ ಬಿಟ್ಟರು. ಮಾವ ಹೋಗಿ ಬಹಳ ವರ್ಷವಾಗಿತ್ತು. "ಗಂಡನ ತಿಥಿ ತಪ್ಪಬಾರದು ಕಣೇ. ನಾನೂ ಬರ್ತೀನಿ. ಬಂದು ತಲೆಗೆ ನೀರು ಹಾಕ್ಕೊಂಡ್ರಾಯ್ತು" ಎಂದರು. ಹತ್ತು ತುಂಬಿತು.

ತಿಥಿ ಬಿದ್ದದ್ದು ಭಾನುವಾರ. ಗಾಳಿ ಎಂದರೆ ಗಾಳಿ. ವ್ಯಾನಿನಿಂದ ಇಳಿದ ಅತ್ತೆ ಸೀರೆಯ ಮೇಲೆ ಸ್ವೆಟರ್, ತಲೆಗೆ ಉಣ್ಣೆಯ ಟೋಪಿ ಹಾಕಿಕೊಂಡು, ಜಲ್ಲಿಯ ದಾರಿಯಲ್ಲಿ ಜಾರುತ್ತದೆಂದು ಅಂಗಡಿಯ ಯಜಮಾನರ ಕೈ ಹಿಡಿದು ನಡೆದರು. ಯಜಮಾನರದು ಬಿಳಿ ಟೋಪಿ, ಉದ್ದ ಗಡ್ಡ. ನಾನು ಮುಂದೆ ದಂಡನಾಯಕಿ. ಗೋರಿಯ ಹತ್ತಿರ ಆಂಟಿಯೂ ಸೇರಿ ಅವರವರು ಏಳು ಜನ ನಿಂತಿದ್ದರು. ಆಂಟಿ ಹೊರಟಿದ್ದಾರೆಂದು ತಿಳಿದು ಅಷ್ಟು ಮಂದಿ ಬಂದಿದ್ದರು. "ಹತ್ತಕ್ಕೆ ಹತ್ತು ತಂದಿದ್ದೇನೆ" ಎಂದು ನಾನು ಬೀಗುತ್ತಾ ಹೇಳಿದೆ.

ಪ್ರಾರ್ಥನೆ ನಡೆಸುವ ಹಿರಿಯರು ನನ್ನ ಎರಡೂ ಕೈ ಹಿಡಿದುಕೊಂಡರು. ನೀವು ಬಂದದ್ದಕ್ಕೆ ಹೇಗೆ ಕೃತಜ್ಞತೆ ಹೇಳಲಿ, ಆದರೆ ಆ ಹತ್ತು ಜನ ನಮ್ಮ ಧರ್ಮದವರೇ ಆಗಿರಬೇಕಮ್ಮ ಎಂದರು. ಅವರಿಗೇ ಹೇಳಲು ಕಷ್ಟವಾಗುತ್ತಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

"ಏನಂತೆ?" ಎಂದರು ಅತ್ತೆ.

"ನಾವು ಲೆಕ್ಕಕ್ಕೆ ಬರಲ್ವಂತೆ."

"ಅದಕ್ಕ್ಯಾಕೆ ಮುಖ ಹಾಗೆ ಮಾಡ್ತೀಯ? ನಿಮ್ಮ ಮಾವನ ತಿಥಿಗೆ ಇವರು ಬಂದ್ರೆ ಬ್ರಾಹ್ಮಣಾರ್ಥಕ್ಕೆ ಕೂರಿಸ್ತೀವಾ? ಆಟಕ್ಕುಂಟು, ಲೆಕ್ಕಕ್ಕಿಲ್ಲ. ಬಂದಾಗಿದೆ, ನಿಂತ್ಕೋ."

ನಿಂತೆವು. ಹಿರಿಯರು ಗಡಿಯಾರ ನೋಡಿಕೊಂಡರು. ಆಂಟಿ ಒಡೆದ ಕಲ್ಲಿನ ಮೇಲಿಂದ ಒಣ ಎಲೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದರು. ಎಲೆ ಮುಗಿದ ಮೇಲೂ ಅವರ ಕೈ ಅಲ್ಲೇ ಸವರುತ್ತಿತ್ತು. ನನಗೆ ಅವರ ಕಡೆ ನೋಡುವುದಕ್ಕೇ ಆಗಲಿಲ್ಲ.

ಆಗ ಗೇಟಿನ ಕಡೆಯಿಂದ ವಯಸ್ಸಾದ ಗಂಡ ಹೆಂಡತಿ ಮತ್ತು ಅವರ ಮಗಳು ಬಂದರು. ರಸ್ತೆಯ ತಿರುವಿನಲ್ಲಿ ಕಾರು ನಿಲ್ಲಿಸಿಕೊಂಡು ಬಹಳ ಹೊತ್ತಿನಿಂದ ಒಳಗೇ ಕುಳಿತಿದ್ದರಂತೆ, ಇಳಿಯಲು ಧೈರ್ಯ ಸಾಲದೆ. ಮುದುಕಿ ನೇರ ನನ್ನ ಅತ್ತೆಯ ಬಳಿ ಬಂದು ಇಂಗ್ಲಿಷಿನಲ್ಲಿ ಏನೋ ಹೇಳಿದರು. ನಾನು ಕನ್ನಡದಲ್ಲಿ ಹೇಳಿದೆ: "ನೀವು ಅಂಗಡಿಯವರ ಕೈ ಹಿಡ್ಕೊಂಡು ಒಳಗೆ ಬರೋದನ್ನ ನೋಡಿದ್ರಂತೆ. ಇಲ್ಲಿ ತಮ್ಮವರು ಯಾರೂ ಇಲ್ಲದ ಈ ಮುದುಕಿ ಹೋಗ್ತಿದ್ದಾಳೆ, ನಮ್ಮವರನ್ನ ಇಲ್ಲಿ ಮಣ್ಣು ಮಾಡಿರೋ ನಾವೇ ಹೊರಗೆ ಕೂತಿದೀವಲ್ಲ ಅನ್ನಿಸಿತಂತೆ."

ಅತ್ತೆ ನಾಚಿಕೊಂಡು ಸೆರಗು ಸರಿಮಾಡಿಕೊಂಡರು.

ಏಳಕ್ಕೆ ಮೂರು ಸೇರಿತು. ಆಂಟಿ ಪ್ರಾರ್ಥನೆ ಶುರು ಮಾಡಿದರು. ಮೊದಲ ಸಾಲಿನಲ್ಲಿ ನಡುಗಿದ ದನಿ ಆಮೇಲೆ ಗಟ್ಟಿಯಾಯಿತು. ನಮಗೊಂದು ಅಕ್ಷರ ಅರ್ಥವಾಗಲಿಲ್ಲ. ನಡುನಡುವೆ ಅವರೆಲ್ಲ ಒಟ್ಟಿಗೆ "ಆಮೇನ್" ಎನ್ನುತ್ತಿದ್ದರು. ಪಕ್ಕದಲ್ಲಿ ಅಂಗಡಿಯ ಯಜಮಾನರು ತಮ್ಮ ರೂಢಿಯಲ್ಲಿ "ಆಮೀನ್" ಎಂದರು. ಮುಂದಿನ ಸಲ ಅತ್ತೆಯೂ ಅಂದರು. ನಾನು ಅನ್ನಲು ಹೋದೆ, ಅಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು.

ಹೊರಡುವಾಗ ಗೇಟಿನ ಹತ್ತಿರದ ನಲ್ಲಿಯಲ್ಲಿ ಅವರೆಲ್ಲ ಕೈ ತೊಳೆದರು. ಸ್ಮಶಾನದಿಂದ ಹಾಗೇ ಹೋಗಬಾರದಂತೆ. ಆಂಟಿ ಚೊಂಬಿನಂಥದೊಂದರಲ್ಲಿ ನೀರು ಹಿಡಿದು ಅತ್ತೆಯ ಕೈಗೆ ಹುಯ್ದರು. "ನೋಡಿದ್ಯಾ, ಮಡಿ ಗೊತ್ತಿರೋ ಜನ" ಎಂದು ಅತ್ತೆ ನನಗೆ ಹೇಳಿದರು. ಮನೆಗೆ ಬಂದು ತಲೆಗೆ ನೀರು ಹಾಕಿಕೊಳ್ಳುವುದನ್ನೂ ಬಿಡಲಿಲ್ಲ.

ಮುಂದಿನ ವರ್ಷ ಆ ದಿನ ಹತ್ತಿರ ಬಂದಾಗ ಆಂಟಿ ಮತ್ತೆ ಬೇಲಿಯ ಬಳಿ ನಿಂತರು. ಹೊಸ ಕಲ್ಲು ನಿಲ್ಲಿಸಿಯಾಗಿತ್ತು. ತಮ್ಮ ಜನರೇ ಇಪ್ಪತ್ತರ ಮೇಲೆ ಬರುತ್ತಾರೆಂದು ಸಂಭ್ರಮದಿಂದ ಹೇಳಿದರು. ಸಂತೋಷವಾಯಿತು ಎಂದೆ. ನಿಜವಾಗಿಯೂ ಆಗಿತ್ತು. ಆದರೆ ಒಳಗೆಲ್ಲೋ ಚುರುಕ್ಕೆಂದಿತು. ಇನ್ನು ನಮ್ಮ ಅಗತ್ಯವೇನು?

ಆಂಟಿ ಒಂದು ಹೆಜ್ಜೆ ಹೋದವರು ತಿರುಗಿ ನಿಂತರು.

"ವ್ಯಾನ್ ಎಷ್ಟು ಹೊತ್ತಿಗೆ ಹೊರಡುತ್ತೆ, ಹೇಳು. ನೀವು ಬರುವ ತನಕ ನಾನು ಶುರು ಮಾಡುವುದಿಲ್ಲ."