ಔಲುವಿನ ಹಿಮ, ನಿಲಾಯ್‌ನ ತೆಂಗಿನೆಣ್ಣೆ

ಮಲೇಷ್ಯಾದ ನಿಲಾಯ್‌ನ ಮೆಡಿಕಲ್ ಕಾಲೇಜೊಂದರಲ್ಲಿ ಶರೀರಶಾಸ್ತ್ರ ಕಲಿಸುವ ಸುಬ್ರಾಯ ಉಪಾಧ್ಯರು ೨೦೨೦ರ ವಸಂತದಲ್ಲಿ ಫಿನ್ಲೆಂಡ್ ದೇಶದ ಮೇಲೆ ಯುದ್ಧ ಸಾರಿದರು. ಫಿನ್ಲೆಂಡಿಗೆ ಈ ವಿಷಯ ಇಂದಿಗೂ ಗೊತ್ತಿಲ್ಲ.

ಯುದ್ಧಕ್ಕೆ ಕಾರಣ, ಎಲ್ಲ ದೊಡ್ಡ ಯುದ್ಧಗಳಂತೆ, ಹೆಂಡತಿ. ಫಿನ್ಲೆಂಡಿನ ಔಲು ಎಂಬ ಊರಿನಲ್ಲಿರುವ ತನ್ನ ತಂಗಿ ಸೀತಾಲಕ್ಷ್ಮಿಯ ಹೊಸ ಮನೆ ನೋಡಿ ಎರಡು ವಾರದಲ್ಲಿ ಬರುತ್ತೇನೆಂದು ಸರೋಜಿನಿಯಮ್ಮ ಮಾರ್ಚ್ ಮೊದಲಿಗೆ ಹೊರಟಿದ್ದರು. ಅವರು ಅಲ್ಲಿ ತಲುಪಿ ಸೂಟ್‌ಕೇಸ್ ಬಿಚ್ಚಿ, ಉಪ್ಪಿನಕಾಯಿ ಹಂಚಿ ಮುಗಿಸುವಷ್ಟರಲ್ಲಿ ಕೊರೋನಾಕ್ಕೆ ಹೆದರಿ ಮಲೇಷ್ಯಾ ಬಾಗಿಲು ಹಾಕಿಕೊಂಡಿತು. ಪರದೇಶದವರು ಒಳಗೆ ಬರುವಂತಿಲ್ಲ, ಒಳಗಿದ್ದವರು ಮನೆಯಿಂದ ಹೊರಗೆ ಬರುವಂತಿಲ್ಲ.

ಮೊದಲ ವಾರ ಸರೋಜಿನಿಯಮ್ಮ ಫೋನಿನಲ್ಲಿ ಅತ್ತರು. "ಬಾಗಿಲು ತೆಗೆದ ಕೂಡಲೇ ಬರ್ತೇನೆ ರೀ," ಎಂದರು. ಉಪಾಧ್ಯರಿಗೆ ಆ ಮಾತೇ ಊಟ. ನಿಜವಾದ ಊಟವೆಂದರೆ ಕೆಳಗಿನ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ತಪಾವ್, ಅಂದರೆ ಪೊಟ್ಟಣ, ಕಟ್ಟಿಸಿ ತಂದ ಪರೋಟ. ಬೆಳಿಗ್ಗೆ ಮೆತ್ತಗೆ, ಸಂಜೆಗೆ ಚಪ್ಪಲಿ.

ಎರಡನೆಯ ವಾರ ಸೀತಾಲಕ್ಷ್ಮಿ ಅಕ್ಕನಿಗೊಂದು ಸೈಕಲ್ ಕೊಟ್ಟಳು. ಅಲ್ಲಿಂದ ಕೆಟ್ಟಿತು.

ಆ ಊರಿನಲ್ಲಿ ಹಿಮದಲ್ಲೂ ಜನ ಸೈಕಲ್ ಹೊಡೆಯುತ್ತಾರಂತೆ. ಟೈರಿಗೆ ಸಣ್ಣ ಸಣ್ಣ ಮೊಳೆ ಇರುತ್ತದಂತೆ. ಹೈಸ್ಕೂಲಿಗೆ ಕಟಪಾಡಿಯ ರಸ್ತೆಯಲ್ಲಿ ಸೈಕಲ್ ತುಳಿದ ಮೇಲೆ ಮೂವತ್ತೈದು ವರ್ಷ ಪೆಡಲ್ ಮುಟ್ಟದಿದ್ದ ಸರೋಜಿನಿಯಮ್ಮ ಕೋಟು, ಟೊಪ್ಪಿ, ಮೇಲೊಂದು ಹೆಲ್ಮೆಟ್ ಹಾಕಿ ಹತ್ತಿದರು. ಎರಡು ಸಲ ಬಿದ್ದರು. ಹಿಮ ಮೆತ್ತಗಿತ್ತು. ಮೂರನೆಯ ದಿನದಿಂದ ಅವರು ಫೋನಿನಲ್ಲಿ ಅಳಲಿಲ್ಲ.

"ಗಾಳಿ ಮೂಗಿಗೆ ಹೊಡೀತದೆ ನೋಡಿ, ಶುಂಠಿ ಕಚ್ಚಿದ ಹಾಗೆ! ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಬಿಳೀ ಬಿಳೀ. ಟೈರಿನ ಅಡಿಯಲ್ಲಿ ಹಪ್ಪಳ ಮುರಿದ ಶಬ್ದ."

"ನ್ಯುಮೋನಿಯಾ ಬರ್ತದೆ ಮಾರಾಯ್ತಿ. ಅದಿರಲಿ, ಬಾಗಿಲು ತೆಗೆದ ಕೂಡಲೇ ಬರ್ತೀಯಲ್ಲಾ?"

"ನಾಳೆ ಸಮುದ್ರದ ಬದಿಗೆ ಹೋಗುದು. ಸಮುದ್ರವೇ ಗಟ್ಟಿಯಾಗಿದೆಯಂತೆ!"

ಪ್ರಶ್ನೆಗೆ ಉತ್ತರ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಆಗ ಉಪಾಧ್ಯರಿಗೆ ಶತ್ರು ಯಾರೆಂದು ತಿಳಿಯಿತು: ಚಳಿ. ಹಿಮ ಕರಗಿದರೆ ಸೈಕಲ್ಲಿನ ಮೋಹ ಕರಗುತ್ತದೆ, ಮೋಹ ಕರಗಿದರೆ ಹೆಂಡತಿ ಬರುತ್ತಾಳೆ. ಇಡೀ ದೇಶ ಸಂಜೆ ಟೀವಿ ಮುಂದೆ ಕೂತು ಸೋಂಕಿತರ ಸಂಖ್ಯೆ ಕೇಳುವಾಗ ಅವರು ಬನಿಯನ್ನಿನಲ್ಲಿ ಬೆವರುತ್ತಾ ಔಲುವಿನ ಹವಾಮಾನ ನೋಡುತ್ತಿದ್ದರು. ಏಪ್ರಿಲ್ ಬಂತು, ಕ್ಯಾಲೆಂಡರಿನ ಪ್ರಕಾರ ವಸಂತ. ಔಲುವಿನಲ್ಲಿ ಕ್ಯಾಲೆಂಡರ್ ನೋಡುವ ಪದ್ಧತಿ ಇದ್ದಂತಿಲ್ಲ. ಮತ್ತೆ ಹಿಮ ಬಿತ್ತು.

"ಈ ಸಲ ಚಳಿ ಹೋಗುದೇ ಇಲ್ಲವಂತೆ. ನನ್ನ ಅದೃಷ್ಟ!" ಎಂದರು ಸರೋಜಿನಿಯಮ್ಮ. ಗಂಡ ದೇವರ ಕೋಣೆಯತ್ತ ಒಮ್ಮೆ ಕೆಂಗಣ್ಣು ಬೀರಿದರು.

ಹೀಗಿರುವಾಗ ಒಂದು ದಿನ ಸೈಕಲ್ ಚೈನು ಕಿರುಗುಟ್ಟತೊಡಗಿತು. ಏನು ಹಾಕುವುದೆಂದು ಸರೋಜಿನಿಯಮ್ಮ ಗಂಡನನ್ನು ಕೇಳಿದರು. ತಿಂಗಳ ಮೇಲೆ ಮೊದಲ ಸಲ ತನ್ನಿಂದ ಏನೋ ಬೇಕಾಗಿದೆ! ಉಪಾಧ್ಯರ ಎದೆ ಉಬ್ಬಿತು. ಉಡುಪಿಯವರಿಗೆ ತಲೆ, ಬಾಗಿಲ ತಿರುಗಣಿ, ಹೊಲಿಗೆ ಮೆಷಿನ್, ಮಗುವಿನ ಹೊಟ್ಟೆನೋವು, ಎಲ್ಲಕ್ಕೂ ಮದ್ದು ಒಂದೇ.

"ತೆಂಗಿನೆಣ್ಣೆ ಉಂಟಲ್ಲ, ಇಲ್ಲಿಂದ ಕೊಂಡುಹೋದದ್ದು? ಧಾರಾಳ ಹಾಕು."

ಎಣ್ಣೆ ಬಾಟಲಿ ಅಲ್ಲಿ ಅಡುಗೆಮನೆಯ ಹೀಟರ್ ಪಕ್ಕ ನೀರಿನಂತೆ ತೆಳ್ಳಗಿತ್ತು. ಇತ್ತ ನಿಲಾಯ್‌ನ ಸೆಕೆಯಲ್ಲಿ ಹತ್ತು ವರ್ಷದಿಂದ ಅದು ಒಂದು ದಿನವೂ ಗಟ್ಟಿಯಾಗಿರಲಿಲ್ಲ. ತೆಂಗಿನೆಣ್ಣೆಗೆ ಚಳಿ ಆಗದೆಂಬುದನ್ನು ಇಬ್ಬರೂ ಮರೆತೇಬಿಟ್ಟಿದ್ದರು. ಧಾರಾಳವೆಂದರೆ ಅಭ್ಯಂಜನದಷ್ಟು ಎಂದು ಅರ್ಥ ಮಾಡಿಕೊಂಡು ಸರೋಜಿನಿಯಮ್ಮ ಸುರಿದು ಹೊರಟರು.

ಸಂಜೆ ನಾಲ್ಕರ ಹೊತ್ತಿಗೆ ಉಪಾಧ್ಯರ ಫೋನಿನ ವಿಡಿಯೋದಲ್ಲಿ ಹೆಂಡತಿಯ ಕೆಂಪು ಮೂಗು, ಅದರ ಹಿಂದೆ ಗಟ್ಟಿ ಸಮುದ್ರ ಕಾಣಿಸಿದವು.

"ರೀ, ಪೆಡಲ್ ತಿರುಗುದಿಲ್ಲ! ಚೈನಿನಲ್ಲಿ ಬಿಳೀ ಬಿಳೀ ಉಂಟು, ತುಪ್ಪದ ಹಾಗೆ. ಎಂತ ಮಾಡುದು?"

ಶರೀರದ ಉಷ್ಣತೆಯ ಬಗ್ಗೆ ಇಪ್ಪತ್ತು ವರ್ಷ ಪಾಠ ಮಾಡಿದ ಮೇಷ್ಟ್ರಿಗೆ ತೆಂಗಿನೆಣ್ಣೆಯ ಸ್ವಭಾವ ಆಗ ನೆನಪಾಯಿತು.

"ಉಜ್ಜು. ಅಲ್ಲ, ಗ್ಲೌಸ್ ತೆಗೀಬೇಡ! ನಡ್ಕೊಂಡು ಹೋಗು. ಸೀತಾಲಕ್ಷ್ಮಿಗೆ ಫೋನ್ ಮಾಡು!"

"ಅವಳು ಮೀಟಿಂಗಿನಲ್ಲಿ. ಚಾರ್ಜ್ ಮುಗೀತಾ ಬಂತು. ಚಳಿಗೆ ಫೋನೂ..."

ಪರದೆ ಕಪ್ಪಾಯಿತು.

ಉಪಾಧ್ಯರು ಎದ್ದು ನಿಂತರು. ಕೂತರು. ಕಾರಿನ ಕೀ ಕೈಗೆತ್ತಿಕೊಂಡರು, ಔಲುವಿಗೆ ಕಾರಿನಲ್ಲಿ ಹೋಗುವವರಂತೆ. ನಿಲಾಯ್ ದಾಟಲೇ ಪೊಲೀಸರು ಬಿಡುತ್ತಿರಲಿಲ್ಲ. ಫ್ಯಾನ್ ತಲೆಯ ಮೇಲೆ ಬಿಸಿ ಗಾಳಿ ಕಲಕುತ್ತಿತ್ತು. ತಾನೇ ಹಾಕಿಸಿದ ಎಣ್ಣೆ. ಹಿಮ ಕರಗಲಿ ಎಂದು ಬೇಡಿದ್ದು ನಿಜ, ಹೆಂಡತಿ ಹೆಪ್ಪುಗಟ್ಟಲಿ ಎಂದು ಯಾವ ದೇವರಿಗೂ ಹೇಳಿರಲಿಲ್ಲ.

ಕತ್ತಲಾಗುವ ಹೊತ್ತಿಗೆ ಫೋನ್ ಬಡಿದುಕೊಂಡಿತು. ಆಚೆಯಿಂದ ಮೊದಲು ಕೇಳಿದ್ದು ನಗು.

"ಒಬ್ಬಳು ಅಜ್ಜಿ ರೀ, ಎಂಬತ್ತಾದರೂ ಇರಬಹುದು, ಸೈಕಲ್ಲಿನಲ್ಲೇ ಬಂದಳು. ಮಾತೇ ಇಲ್ಲ. ಫ್ಲಾಸ್ಕ್ ತೆಗೆದು ಬಿಸಿ ಕಾಫಿ ಚೈನಿಗೆ ಹೊಯ್ದಳು, ಎಣ್ಣೆ ಕರಗಿತು. ಉಳಿದ ಕಾಫಿ ನನಗೆ ಕೊಟ್ಟಳು. ನಿಮ್ಮ ಎಣ್ಣೆಯಿಂದ ಒಬ್ಬ ಗೆಳತಿ ಸಿಕ್ಕಿದಳು!"

"ಸರೋಜ," ಎಂದರು ಉಪಾಧ್ಯರು, "ಬಾಗಿಲು ತೆಗೆದರೆ ಬರ್ತೀಯಲ್ಲಾ?"

"ಹಿಮ ಕರಗಲಿ, ನೋಡುವ."

ಹಿಮ ಮೇ ತಿಂಗಳಲ್ಲಿ, ತನಗೆ ಬೇಕಾದಾಗ ಕರಗಿತು. ಮಲೇಷ್ಯಾ ಜೂನ್ ಕೊನೆಗೆ ಅನುಮತಿ ಕೊಟ್ಟಿತು. ಉಪಾಧ್ಯರು ಸುದ್ದಿ ಹೇಳಲು ಕೂಡಲೇ ಫೋನ್ ಮಾಡಿದರು.

"ಬರ್ತೇನೆ," ಎಂದರು ಸರೋಜಿನಿಯಮ್ಮ. "ಬರದೆ ಎಂತ ಮಾಡ್ಲಿ?"

ನಾಲ್ಕು ತಿಂಗಳು ಕಾದ ಮಾತು ಸಿಕ್ಕಿತು. ಆದರೆ ಉಪಾಧ್ಯರ ಮುಖ ಗೆದ್ದವರ ಮುಖದಂತಿರಲಿಲ್ಲ. ಆ ರಾತ್ರಿ ಉಪಾಧ್ಯರು ಯೋಚಿಸಿ ಯೋಚಿಸಿ ಒಂದು ನಿರ್ಧಾರಕ್ಕೆ ಬಂದರು: ಶತ್ರುವನ್ನೇ ಮನೆಗೆ ಕರೆಯುವುದು.

ಕ್ವಾರಂಟೈನ್ ಮುಗಿಸಿ ಹೆಂಡತಿ ಬರುವ ದಿನ ಬೆಳಿಗ್ಗೆಯಿಂದ ಎಸಿಯನ್ನು ಹದಿನಾರಕ್ಕೆ ಇಳಿಸಿ, ಕಿಟಕಿಗಳನ್ನೆಲ್ಲ ಮುಚ್ಚಿ, ಸ್ವೆಟರ್ ಹಾಕಿ, ಕಿವಿಗೆ ಮಫ್ಲರ್ ಸುತ್ತಿ, ಮೂಗು ಸುರಿಸುತ್ತಾ ಬಾಗಿಲಲ್ಲಿ ಕಾದರು. ಅಡುಗೆಮನೆಯಲ್ಲಿ ತೆಂಗಿನೆಣ್ಣೆ ಬೆಣ್ಣೆಯಾಗಿತ್ತು.

ಸರೋಜಿನಿಯಮ್ಮ ಒಳಗೆ ಕಾಲಿಟ್ಟು ಎರಡೂ ಕೈಗಳಿಂದ ತೋಳು ಉಜ್ಜಿಕೊಂಡರು.

"ಅಯ್ಯೋ, ಎಂತ ಚಳಿ ಮಾರಾಯ್ರೆ! ಇದರಲ್ಲಿ ಮನುಷ್ಯರು ಇರ್ತಾರಾ?"

ಅವರೇ ಹೋಗಿ ಎಸಿ ಆರಿಸಿ ಕಿಟಕಿ ತೆಗೆದರು. ನಿಲಾಯ್‌ನ ಸೆಕೆ ಮನೆತುಂಬ ಬಂತು. ಆಮೇಲೆ ಸೂಟ್‌ಕೇಸ್ ಬಿಚ್ಚಿ, ಸೀರೆಗಳ ನಡುವೆ ಮಡಚಿಟ್ಟಿದ್ದ ಮೊಳೆ ಟೈರುಗಳನ್ನು ಹೊರತೆಗೆದು ದೇವರ ಕೋಣೆಯ ಪಕ್ಕದ ಗೂಟಕ್ಕೆ ನೇತುಹಾಕಿದರು.

"ಎರಡು ಜೊತೆ ಉಂಟು," ಎಂದರು. "ಒಂದು ನಿಮಗೆ, ಅಲ್ಲಿನ ಬರುವ ಚಳಿಗಾಲಕ್ಕೆ."

ಉಪಾಧ್ಯರು ಮಫ್ಲರ್ ಬಿಚ್ಚದೆ, ಬೆವರುತ್ತಾ, ಗೋಡೆಯನ್ನು ನೋಡುತ್ತಾ ನಿಂತರು.