ಕಾಲುವೆಯ ಮೇಲಿನ ಚಪ್ಪಡಿ

ಶ್ರೀರಂಗಪಟ್ಟಣದ ಹತ್ತಿರದ ಎಂಜಿನಿಯರಿಂಗ್ ಕಾಲೇಜೊಂದರ ಲ್ಯಾಬಿನಲ್ಲಿ ಕಲ್ಲು, ಕಾಂಕ್ರೀಟು ಒಡೆಯುವುದು ನನ್ನ ಕೆಲಸ. ಯಂತ್ರಕ್ಕಿಟ್ಟು ಒತ್ತುತ್ತೇನೆ, ಎಷ್ಟು ಭಾರಕ್ಕೆ ಒಡೆಯಿತೆಂದು ಬರೆದುಕೊಳ್ಳುತ್ತೇನೆ. ನಮ್ಮಣ್ಣ ಕ್ಯಾತನಹಳ್ಳಿ ಕಡೆ ಕಲ್ಲು ಸೀಳಿ ಚಪ್ಪಡಿ ಹಾಸುವವನು. “ನಾನೂ ಒಡೀತೀನಿ, ನೀನೂ ಒಡೀತೀಯ. ನಿಂಗೆ ಮಾತ್ರ ಫ್ಯಾನು ಕಣ್ಲಾ” ಎಂದು ನಗಾಡುತ್ತಿದ್ದ.

ಹೋದ ವರ್ಷ ಅವನು ಕಬ್ಬಿನ ಗದ್ದೆಯ ಕಾಲುವೆ ಮೇಲೆ ಗಾಡಿ ದಾಟಲು ಚಪ್ಪಡಿ ಹಾಸುವ ಕೆಲಸ ಹಿಡಿದ. ಆ ಕಲ್ಲಿನದೇ ಒಂದು ತುಂಡನ್ನು ನನ್ನ ಹತ್ತಿರ ತಂದ. ಮೇಲಿನಿಂದ ನೇರವಾಗಿ ಒತ್ತಿ ನೋಡಿದೆ. ಒಳ್ಳೇ ಗಟ್ಟಿ ಕಲ್ಲು. “ಆನೆ ನಿಂತ್ರೂ ಏನೂ ಆಗಲ್ಲ ಕಣಣ್ಣ” ಎಂದೆ. ಬಗ್ಗಿಸಿ ನೋಡಲಿಲ್ಲ, ತಿರುಚಿ ನೋಡಲಿಲ್ಲ. ಊಟದ ಹೊತ್ತಾಗಿತ್ತು, ಅಷ್ಟೇ.

ಮೊದಲ ಲೋಡು ಕಬ್ಬಿನ ಟ್ರಾಕ್ಟರು ಚಪ್ಪಡಿ ಹತ್ತಿದಾಗ ಅಣ್ಣ ಪಕ್ಕದಲ್ಲೇ ನಡೆಯುತ್ತಾ ಡ್ರೈವರಿಗೆ ದಾರಿ ತೋರಿಸುತ್ತಿದ್ದನಂತೆ. ಮರವಾದರೆ ಬಾಗುತ್ತದೆ, ಕಿರುಗುಟ್ಟುತ್ತದೆ. ಕಲ್ಲಿಗೆ ಆ ಸೌಜನ್ಯವಿಲ್ಲ. ಒಂದೇ ಏಟಿಗೆ ಎರಡು ಹೋಳಾಯಿತು. ಟ್ರೇಲರು ಅಣ್ಣನ ಎಡಗಾಲಿನ ಮೇಲೆ ವಾಲಿತು. ಮೈಸೂರಿನಲ್ಲಿ ಮಂಡಿಯ ಕೆಳಗೆ ಕಾಲು ತೆಗೆದರು.

ನನಗೆ ಏನೂ ಅನ್ನಿಸಲಿಲ್ಲ. ಅತ್ತಿಗೆ ಅಳುತ್ತಿದ್ದರು, ನಾನು ಕಾಫಿ ತಂದುಕೊಟ್ಟೆ. ಮಾರನೆಯ ವಾರ ಕಾಲುವೆಗೆ ಹೋಗಿ ನೋಡಿದೆ. ಚಪ್ಪಡಿಯ ಒಂದು ಮೂಲೆ ಕೂರಬೇಕಾದ ಕಡೆ ಟೊಳ್ಳಿತ್ತು. ಮೇಲಿನ ಭಾರ ಕಲ್ಲನ್ನು ಬಗ್ಗಿಸಿತ್ತು, ಆಧಾರವಿಲ್ಲದ ಮೂಲೆ ಅದನ್ನು ತಿರುಚಿತ್ತು. ಹೋಳೊಂದನ್ನು ತಂದು ಉದ್ದಕ್ಕೆ ಎರಡು ಪಟ್ಟಿ ಕೊಯ್ದು, ಒಂದನ್ನು ಬರೀ ಬಗ್ಗಿಸಿದೆ, ಇನ್ನೊಂದನ್ನು ಬಗ್ಗಿಸುತ್ತಲೇ ತಿರುಚಿದೆ. ಮೊದಲನೆಯದು ತಡೆದ ಭಾರವನ್ನು ಎರಡನೆಯದು ತಡೆಯಲಿಲ್ಲ, ಪಟ್ಟನೆ ಮುರಿಯಿತು. ಅಂಕಿ ಬರೆದುಕೊಂಡೆ. ದಿನದ ಹಾಗೆಯೇ, ದುಂಡಗೆ. ಅದಕ್ಕೇ ನನ್ನ ಮೇಲೆ ನನಗೆ ಅಸಹ್ಯವಾಯಿತು.

ನೋಡಲು ಬಂದವರಿಗೆಲ್ಲ ಅಣ್ಣ, “ಕಲ್ಲಲ್ಲಿ ಏನೂ ದೋಸ ಇಲ್ಲ. ನನ್ ತಮ್ಮ ಟೆಸ್ಟ್ ಮಾಡವ್ನೆ” ಎನ್ನುತ್ತಿದ್ದ. ಎಷ್ಟು ದಿನ ಕೇಳಿಸಿಕೊಂಡು ಕೂರುವುದು? ಒಂದು ಮಧ್ಯಾಹ್ನ, ಬೇರೆ ಯಾರೂ ಇಲ್ಲದಾಗ, ಹೇಳಿಬಿಟ್ಟೆ: ನಾನು ಮಾಡಿದ್ದು ಅರ್ಧ ಪರೀಕ್ಷೆ, ತಪ್ಪು ನನ್ನದು.

ಅಣ್ಣ ಮೊಂಡುಗಾಲಿನ ಮೇಲಿನ ಹೊದಿಕೆ ಸರಿಮಾಡಿಕೊಂಡ.

“ಚಪ್ಪಡಿ ಮಡಗಿದ್ಮ್ಯಾಕೆ ನಾಕೂ ಮೂಲೆ ಮೇಲೆ ನಿಂತ್ ನೋಡ್ತೀನಿ ಕಣ್ಲಾ. ಅಲ್ಲಾಡಿದ್ರೆ ಅಡೀಗೆ ಒಂದ್ ಕಲ್ ಚಕ್ಕೆ ತೂರಿಸ್ತೀನಿ. ಅವತ್ತೂ ಒಂದ್ ಮೂಲೆ ಅಲ್ಲಾಡ್ತು.”

“ಮತ್ತೆ ಯಾಕಣ್ಣ ತೂರಿಸ್ಲಿಲ್ಲ?”

“ಓದ್ದೋನು ನೀನೇ ಗಟ್ಟಿ ಐತೆ ಅಂದ್ಯಲ್ಲ, ಅದ್ಕೆ ಬುಟ್ಬುಟ್ಟೆ.”