ದುರ್ಗವ್ವ ಖಾಲಿ ಬಿಡುವ ನಾಲ್ಕು ಸಾಲು

ಬೆಳಗಿನ ಐದು ದಾಟಿ ಹತ್ತು ನಿಮಿಷ. ಉಗರಗೋಳದ ಕೇರಿಯ ಬಾಯಿಗೆ ಟಂಟಂ ಬಂದು ನಿಂತಿದೆ. ಸಿಮೆಂಟು, ಗೊಬ್ಬರ ಹೇರುವ ಗಾಡಿ ಅದು. ಸೀಟಿಲ್ಲ, ಹಿಡಿಯಲು ಕಂಬಿಯಿಲ್ಲ. ತಲೆಗೆ ಸೆರಗು ಬಿಗಿದ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ಹಿಂದಿನ ಹಲಗೆ ಹತ್ತುತ್ತಿದ್ದಾರೆ. ಕೆಳಗೆ ನಿಂತ ದುರ್ಗವ್ವ ಹತ್ತಿದವರ ಬೆನ್ನು ಮುಟ್ಟಿ ಎಣಿಸುತ್ತಾಳೆ. ಎಂಟು. ತಾನು ಸೇರಿ ಒಂಬತ್ತು.

ಒಬ್ಬಾಕೆ ಚಾಲಕನ ಕ್ಯಾಬಿನ್ನಿಗೆ ಬೆನ್ನು ಆನಿಸಿ ಕೂರಲು ಹೋಗುತ್ತಾಳೆ.

"ಅಲ್ಲಿ ಬ್ಯಾಡ. ಈಕಡೆ ಸರಿ."

"ಯಕ್ಕಾ, ಸೊಂಟ ಹಿಡದೈತಿ. ಆಸರ ಬೇಕಾಗೇತಿ."

"ಹಿಡೀಲಿ. ಅಲ್ಲಿ ನೀರಿನ ಕ್ಯಾನ್ ಇಡೂದೈತಿ."

ಕ್ಯಾನು, ರೊಟ್ಟಿ ಗಂಟು, ಕಸ ಕೆತ್ತುವ ಕುರ್ಚಿಗಿಗಳ ಚೀಲ, ಎಲ್ಲವೂ ಕ್ಯಾಬಿನ್ನಿನ ಬುಡಕ್ಕೆ ಹೋಗುತ್ತವೆ. ಮನುಷ್ಯರು ಮಾತ್ರ ಅಲ್ಲಿ ಕೂರುವಂತಿಲ್ಲ. ಎರಡು ವರ್ಷಗಳಿಂದ ಇದು ದುರ್ಗವ್ವನ ಕಾನೂನು. ಯಾಕೆಂದು ಗಾಡಿಯಲ್ಲಿದ್ದ ಯಾರೂ ಕೇಳುವುದಿಲ್ಲ.

ದುರ್ಗವ್ವನಿಗೆ ನಲವತ್ತೇಳು. ಹೊಲದ ಕಸ, ಅಂದರೆ ಕಳೆ, ತೆಗೆಯುವ ಹೆಂಗಸರ ಗುಂಪೊಂದನ್ನು ಕಟ್ಟಿಕೊಂಡು ದುಡಿಯಲು ತೊಡಗಿ ಇಪ್ಪತ್ತನಾಲ್ಕು ವರ್ಷ. ಹೊಲದವರ ಫೋನು ಬರುವುದು ಆಕೆಗೆ. ಯಾರ ಹೊಲ, ಎಷ್ಟು ಎಕರೆ, ಎಷ್ಟು ಜನ ಬೇಕು, ಯಾರಿಗೆ ಜ್ವರ, ಯಾರ ಮಗು ಚಿಕ್ಕದು, ಇಷ್ಟನ್ನೂ ತಲೆಯಲ್ಲಿಟ್ಟುಕೊಂಡು ಹಿಂದಿನ ಸಂಜೆಯೇ ಕೇರಿಯ ಮನೆ ಮನೆಗೆ ಹೇಳಿ ಬರುತ್ತಾಳೆ. ಆಳುಗಳ ಮೇಸ್ತ್ರಿಯ ಕೆಲಸ ಇದು, ಆದರೆ ಯಾವ ಕಾಗದದಲ್ಲೂ ಆಕೆ ಮುಕಾದಮ ಅಲ್ಲ. ಮೂರೂವರೆಗೆ ಏಳುತ್ತಾಳೆ, ಹದಿನಾಲ್ಕು ರೊಟ್ಟಿ ಬಡಿಯುತ್ತಾಳೆ, ಹೊಲ ಮುಟ್ಟಲು ಹದಿನೇಳು ಕಿಲೋಮೀಟರ್ ಹೋಗುತ್ತಾಳೆ. ದಿನಕ್ಕೆ ಎಂಟು ಸಾಲು ಕುಕ್ಕರಗಾಲಿನಲ್ಲಿ ಸರಿಯುತ್ತಾಳೆ. ಗಂಡನ ಬಗ್ಗೆ ಕೇಳಿದರೆ, "ಅದಾನ್ರಿ. ಕಟ್ಟಿ ಮ್ಯಾಲ ಕುಂತಾನ. ಬರೂವಾಗ ನೋಡಿರಬೇಕಲ್ಲ" ಎನ್ನುತ್ತಾಳೆ.

ಹುಣ್ಣಿಮೆ ಬಂತೆಂದರೆ ಈ ಊರಿಗೆ ಬಸ್ಸಿನ ಹಿಂದೆ ಬಸ್ಸು. ದೇವಿಯ ಗುಡ್ಡಕ್ಕೆ ಬರುವವರಿಗೆ ರಸ್ತೆ ಇದೆ, ದೀಪ ಇದೆ, ನೆರಳು ಇದೆ. ಬೆಳಗಿನ ಐದಕ್ಕೆ ಕುರ್ಚಿಗಿ ಹಿಡಿದು ಹೊಲಕ್ಕೆ ಹೊರಟವರಿಗೆ ಒಂದು ಬಸ್ಸು ಇಲ್ಲ. ಸರಕು ಗಾಡಿಯಲ್ಲಿ ಮನುಷ್ಯರನ್ನು ಒಯ್ಯಬಾರದು ಎಂಬ ಕಾಯ್ದೆ ಇದೆ. ಆ ಕಾಯ್ದೆ ನೆನಪಾಗುವುದು ಹೆಣ ಬಿದ್ದ ಮೇಲೆ.

ಹೆಣ ಬಿದ್ದದ್ದು ಎರಡು ವರ್ಷದ ಹಿಂದಿನ ಡಿಸೆಂಬರಿನಲ್ಲಿ. ಕಡಲೆ ಹೊಲದ ಕಸ ತೆಗೆಯಲು ಹದಿಮೂರು ಜನ ಇಂಥದೇ ಗಾಡಿಯಲ್ಲಿ ಹೊರಟಿದ್ದರು. ಮಂಜು ಕವಿದಿತ್ತು. ರಸ್ತೆ ಮಧ್ಯದಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು. ಹಿಂದೆ ಕೆಂಪು ದೀಪವಿಲ್ಲ, ಒಂದು ಮುಳ್ಳಿನ ಕೊಂಬೆಯನ್ನೂ ಅಡ್ಡ ಇಟ್ಟಿರಲಿಲ್ಲ. ಗಾಡಿ ನೇರ ಅದರ ಒಳಗೇ ನುಗ್ಗಿತು. ಚಾಲಕನ ಕ್ಯಾಬಿನ್ನು ಹಿಂದಕ್ಕೆ ಮಡಚಿಕೊಂಡಿತು. ಅದಕ್ಕೆ ಬೆನ್ನು ಆನಿಸಿ ಕೂತಿದ್ದ ನಾಲ್ವರು ಅಲ್ಲೇ ಹೋದರು. ಚಾಲಕ ಆಸ್ಪತ್ರೆಯ ದಾರಿಯಲ್ಲಿ ಹೋದ.

"ಆ ಜಾಗಾದಾಗ ಅವರನ್ನ ಕುಂಡರಿಸಿದಾಕಿ ನಾನ" ಎನ್ನುತ್ತಾಳೆ ದುರ್ಗವ್ವ. "ಥಂಡಿ ಭಾಳ ಇತ್ತು. ಮುಂದಿನ ಹಲಗಿಗೆ ಗಾಳಿ ಬಡಿಯೂದಿಲ್ಲ, ಬೆನ್ನಿಗೆ ಆಸರ ಇರತೈತಿ. ಸೀತವ್ವ ಮುದುಕಿ. ಕೃಷ್ಣವ್ವಗ ಮೊಣಕಾಲ ಬ್ಯಾನಿ. ಬೀರವ್ವಗ ಕೆಮ್ಮ. ಮೀನಾ ಹುಡುಗಿ, ಅವತ್ತ ಅಕಿಗೆ ಹೊಟ್ಟಿನೋವ ಇತ್ತು. ಹಿಂದ ಗಟ್ಟಿ ಇದ್ದವರು ಕುಂಡರ್ರಿ, ಮುಂದ ಇವರು ಅಂದೆ. ಚೊಲೋದ ಮಾಡಿದೆ ಅಂತ ತಿಳಕೊಂಡಿದ್ದೆ."

ಮೀನಾಳಿಗೆ ಹತ್ತೊಂಬತ್ತು. ಅವಳ ತಾಯಿ ಯಮನವ್ವ ಅದೇ ಗಾಡಿಯ ಹಿಂಬದಿಯಲ್ಲಿ, ಗಟ್ಟಿ ಇದ್ದವರ ಜೊತೆ ಕೂತಿದ್ದಳು. ಈಗಲೂ ಗುಂಪಿನಲ್ಲಿದ್ದಾಳೆ. ದುರ್ಗವ್ವನಿಗೆ ಒಂದು ಬಿರುಸು ಮಾತನ್ನೂ ಆಡಿದವಳಲ್ಲ. "ಬೈದಿದ್ದರ ಚೊಲೋ ಆಗತಿತ್ತು" ಎನ್ನುತ್ತಾಳೆ ದುರ್ಗವ್ವ.

ಮರುದಿನ ಪತ್ರಿಕೆಗಳು 'ನಾಲ್ವರು ಕೂಲಿ ಮಹಿಳೆಯರ ದುರ್ಮರಣ' ಎಂದು ಬರೆದವು. ನಾಲ್ವರಿಗೂ ವಯಸ್ಸು ನಲವತ್ತು ಎಂದವು. ಮೀನಾಳಿಗೂ ನಲವತ್ತು, ಎಪ್ಪತ್ತರ ಹತ್ತಿರದ ಸೀತವ್ವನಿಗೂ ನಲವತ್ತು. ಶ್ರದ್ಧಾಂಜಲಿ ಫ್ಲೆಕ್ಸು ಬಂತು. ಸತ್ತವರ ಮುಖಗಳು ಲಿಂಬೆಹಣ್ಣಿನಷ್ಟು, ಸಂತಾಪ ಸೂಚಿಸಿದವರ ಮುಖಗಳು ಕುಂಬಳಕಾಯಿಯಷ್ಟು. ಮಳೆಗಾಲಕ್ಕೆ ಯಮನವ್ವ ಆ ಫ್ಲೆಕ್ಸನ್ನು ಇಳಿಸಿ ತನ್ನ ಸೋರುವ ಮಾಡಿಗೆ ಹೊದಿಸಿದಳು, ಮಗಳ ಮುಖ ಒಳಗೆ ಕಾಣುವ ಹಾಗೆ. ಸರಕಾರ, ಪಕ್ಷ, ಪತ್ರಿಕೆ ಎಲ್ಲ ಸೇರಿ ಆ ನಾಲ್ವರಿಗೆ ಕೊಟ್ಟ ಸ್ಮಾರಕ ಅದೊಂದೇ. ಅದೂ ಈಗ ಹರಿದಿದೆ.

ಆದರೆ ಈ ಹೆಂಗಸರು ತಮ್ಮವರಿಗೆ ಬೇರೆ ಜಾಗ ಮಾಡಿಕೊಂಡಿದ್ದಾರೆ. ಅದನ್ನು ಯಾರೂ ಯೋಚಿಸಿ ಮಾಡಿದ್ದಲ್ಲ. ಕಸ ತೆಗೆಯುವವರು ಹೊಲದ ಅಂಚಿನಲ್ಲಿ ಅಡ್ಡಕ್ಕೆ ಸಾಲಾಗಿ ಕೂರುತ್ತಾರೆ. ಒಬ್ಬರಿಗೆ ಒಂದು ಸಾಲು. ಎಲ್ಲರೂ ಒಟ್ಟಿಗೆ ಆ ತುದಿಗೆ ಸರಿಯುತ್ತಾರೆ. ವರ್ಷಗಟ್ಟಲೆ ಜೊತೆಗೆ ದುಡಿದ ಗುಂಪಿನಲ್ಲಿ ಜಾಗಗಳು ಖಾಯಂ. ಬದುವಿನ ಪಕ್ಕದ ಮೊದಲ ಸಾಲು ಕೃಷ್ಣವ್ವನದು, ಯಾಕೆಂದರೆ ಆಕೆ ಎಡಚಿ. ಎಡಗೈ ಬೀಸಿದರೆ ಪಕ್ಕದವಳ ಮೈಗೆ ತಾಗಬಾರದು. ನಟ್ಟನಡುವಿನದು ಸೀತವ್ವನದು, ಆಕೆಗೆ ಕಿವಿ ಮಂದ, ಎರಡೂ ಕಡೆಯ ಮಾತು ಬೇಕು.

ಹದಿನೈದು ದಿನ ಕಳೆದು ಉಳಿದ ಒಂಬತ್ತು ಜನ ಮತ್ತೆ ಕೆಲಸಕ್ಕೆ ಹೋದರು. ಹೋಗಿ ತಂತಮ್ಮ ಜಾಗದಲ್ಲಿ ಕೂತರು, ಕೈ ತನ್ನಷ್ಟಕ್ಕೆ ಓಡಿತು. ಆ ತುದಿ ಮುಟ್ಟಿ ಎದ್ದು ತಿರುಗಿ ನೋಡಿದರೆ ಕರಿ ಹೊಲದ ನಡುವೆ ನಾಲ್ಕು ಕಡೆ ಕಸ ಹಸಿರಾಗಿ ನಿಂತಿತ್ತು. ಕೃಷ್ಣವ್ವನ ಸಾಲು. ಬೀರವ್ವನ ಸಾಲು. ಸೀತವ್ವನ ಸಾಲು. ಮೀನಾಳ ಸಾಲು.

"ನಾವು ಸರದು ಕುಂತೇ ಇರಲಿಲ್ರಿ. ಅವರಿಗೆ ಜಾಗಾ ಬಿಟ್ಟ ಕುಂತಿದ್ವಿ" ಎನ್ನುತ್ತಾಳೆ ದುರ್ಗವ್ವ. "ಮಣ್ಣ ಕೊಟ್ಟಾಗ ಅತ್ತದ್ದು ಅಳು ಅಲ್ಲ. ಅವತ್ತ ಅತ್ತಿವಿ."

ಅತ್ತ ಮೇಲೆ ಒಂಬತ್ತೂ ಜನ ಸೇರಿ ಆ ನಾಲ್ಕು ಸಾಲು ತೆಗೆದರು. ಅಂದಿನಿಂದ ಅದೇ ಪದ್ಧತಿ. ಮೊದಲು ತಮ್ಮ ಸಾಲು. ಕೊನೆಗೆ ಸತ್ತವರ ಸಾಲು, ಎಲ್ಲರೂ ಕೂಡಿ. ಯಾರ ಸಾಲಿನಲ್ಲಿ ಕೂತಿದ್ದಾರೋ ಅವಳ ಮಾತೇ ಆಡಬೇಕು. ಹೊಗಳಲೇಬೇಕೆಂದಿಲ್ಲ. ಹೋದ ವಾರ ನೀಲಪ್ಪ ಎಂಬ ರೈತನ ಸೋಯಾ ಹೊಲದಲ್ಲಿ, ಬೀರವ್ವನ ಸಾಲಿನಲ್ಲಿ ಕೂತಾಗ ಕೇಳಿದ ಮಾತು ಹೀಗಿತ್ತು:

"ಕಳ್ಳಿ ಬೇ ಅಕಿ. ತನ್ನ ಸಾಲಿನ ಕಸ ನನ್ನ ಸಾಲಿಗೆ ದೂಡತಿದ್ಲು."

"ನಿನಗಷ್ಟ? ನನ್ನ ರೊಟ್ಟಿ ಗಂಟಿನಾಗಿನ ಚಟ್ನಿ ಎಲ್ಲಿ ಹೋಗತಿತ್ತು ಮತ್ತ?"

"ಸುಳ್ಳ ಹೇಳಬ್ಯಾಡ. ನಿನ್ನ ಚಟ್ನಿ ಕದ್ದ ತಿನ್ನುವಂಗ ಇರಲಿಲ್ಲ."

"ಹೆರಿಗಿ ಆಗಿ ಹನ್ನೊಂದ ದಿನಕ್ಕ ನಾ ಹೊಲಕ್ಕ ಬಂದಾಗ ನನ್ನ ಸಾಲ ಅಕಿನ ತಗದಿದ್ಲು. ಯಾರಿಗೂ ಹೇಳಬ್ಯಾಡ ಅಂದಿದ್ಲು."

"ಈಗ ಹೇಳಿದಿ ನೋಡ."

ನಕ್ಕರು. ಮೀನಾಳ ಸಾಲಿಗೆ ಬಂದಾಗ ನಗು ನಿಂತಿತು. ಅಲ್ಲಿ ಮಾತು ಶುರು ಮಾಡುವುದು ಯಮನವ್ವನೇ, ಪ್ರತಿ ಸಲ ಒಂದೇ ಮಾತು: "ಡೊಂಕ ಸಾಲ ತಗೀತಿತ್ತು ನನ್ನ ಕೂಸು." ಕಾಲೇಜಿಗೆ ರಜೆ ಇದ್ದಾಗಷ್ಟೇ ಬರುತ್ತಿದ್ದ ಹುಡುಗಿ. ಅವಳ ಬಗ್ಗೆ ಹೇಳಲು ಉಳಿದವರಿಗೆ ಹೆಚ್ಚೇನೂ ಇಲ್ಲ. ಬದುಕಿದ್ದೇ ಅಷ್ಟು.

ಬರೆಯಲು ಓದಲು ಬಾರದ ಒಂಬತ್ತು ಜನ ಹೀಗೆ ನಾಲ್ವರ ಚರಿತ್ರೆಯನ್ನು ಮಣ್ಣಿನಲ್ಲಿ ಕೂತು ಕಾಪಾಡಿಕೊಂಡು ಬಂದಿದ್ದಾರೆ. ಆ ಚರಿತ್ರೆಗೆ ಬೇಕಾದದ್ದು ಇಷ್ಟೇ: ಕಸ ಬೆಳೆದ ಒಂದು ಹೊಲ. ಈಗ ಅದಕ್ಕೇ ಬರ. ಕಸ ಸಾಯಿಸುವ ಔಷಧ ಪ್ರತಿ ಅಂಗಡಿಯಲ್ಲಿದೆ. ಹೋದ ವರ್ಷ ಇಷ್ಟೊತ್ತಿಗೆ ಗುಂಪಿಗೆ ಮೂವತ್ತೆಂಟು ದಿನ ಕೆಲಸ ಸಿಕ್ಕಿತ್ತು. ಈ ವರ್ಷ ಹನ್ನೊಂದು. ಮನೆಯಲ್ಲಿ ಕೂತು ನೆನೆಯಬಹುದಲ್ಲ ಎಂದರೆ ದುರ್ಗವ್ವ ತಲೆ ಅಲ್ಲಾಡಿಸುತ್ತಾಳೆ. "ಮನ್ಯಾಗ ನೆನಪ ಬರೂದಿಲ್ರಿ. ಮನ್ಯಾಗ ಕೆಲಸ ಬರತೈತಿ. ಹೊಲದಾಗ ಸಾಲ ಖಾಲಿ ಕಾಣತೈತಿ, ಅದಕ್ಕ ಅವರು ಬರತಾರ. ಸಾಲ ಹೋದರ ಹೋದರು."

ಇಂದಿನ ಹೊಲ ಮಡಿವಾಳೆಪ್ಪ ಎಂಬವರದು. ಬೈಲಹೊಂಗಲದ ಕಡೆ, ಆರೆಕರೆ ಸೋಯಾ. ಗಾಡಿ ಇಳಿಯುವಾಗ ಆರು ಕಾಲು. ಬದುವಿನ ಮೇಲೆ ಟವೆಲ್ಲು ಹೊದ್ದು ಅವರೇ ನಿಂತಿದ್ದಾರೆ. ಪಕ್ಕದ ಶೆಡ್ಡಿನ ಗೋಡೆಗೆ ಔಷಧ ಹೊಡೆಯುವ ಪಂಪು. ಅದರ ಕೆಳಗೆ ಮೊಳೆಗೆ ಸಿಕ್ಕಿಸಿದ ಎರಡು ಪ್ಲಾಸ್ಟಿಕ್ ಲೋಟ, ಕೇರಿಯಿಂದ ಬಂದವರು ನೀರು ಕುಡಿಯಲು. ಮನೆಯವರ ಸ್ಟೀಲ್ ಲೋಟ ಒಳಗಿವೆ.

"ದುರ್ಗವ್ವಾ, ಒಂದ ಮಾತ."

"ಹೇಳ್ರಿ ಅಪ್ಪಾರ."

"ನಡುವ ನಡುವ ಸಾಲ ಬಿಟ್ಟ ಕುಂಡರತೀರಂತ. ನೀಲಪ್ಪನ ಹೊಲದಾಗ ನೋಡಿದವರು ಹೇಳಿದ್ರು."

"ಕಡೀಕ ತಗದ ಹೋಗತೇವ್ರಿ. ಒಂದ ಎಸಳ ಉಳಸೂದಿಲ್ಲ."

"ತಗೀತೀರಿ, ಗೊತ್ತೈತಿ. ಸತ್ತವರನ್ನ ನನ್ನ ಹೊಲಕ್ಕ ಕರಕೊಂಡ ಬರಬ್ಯಾಡ್ರಿ ಅಂತ ನಾ ಹೇಳೂದು. ಬೆಳಿ ನಿಂತೈತಿ. ಒಂಬತ್ತ ಮಂದಿ ಬಂದೀರಿ, ಒಂಬತ್ತ ಮಂದಿ ಒತ್ತಿ ಕುಂಡರ್ರಿ."

"ನಾವು ಕರಿಯೂದಿಲ್ರಿ ಸಾವ್ಕಾರ" ಎಂದಳು ಹಿಂದಿನಿಂದ ಯಮನವ್ವ. "ಅವರಿಗೆ ದಾರಿ ಗೊತ್ತೈತಿ."

ಮಡಿವಾಳೆಪ್ಪ ಆಕೆಯ ಕಡೆ ನೋಡಲಿಲ್ಲ. "ಔಷಧ ಹೊಡಸಾವ ಇದ್ದೆ ದುರ್ಗವ್ವಾ. ಎರಡ ಗಂಡಾಳ ಮಧ್ಯಾಹ್ನದೊಳಗ ಮುಗಸ್ತಾವ. ನಿಮ್ಮ ಮುಖಾ ನೋಡಿ ಕರದೇನಿ. ನೀ ಹೆಂಗಂತಿ ಹಂಗ."

ಬೀರವ್ವ ಹದಿನಾರು ವರ್ಷ ಇದೇ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಆಕೆಯ ಬೆವರಿನಿಂದ ಬೆಳೆಗೆ ಬಾಧೆಯಾಗಲಿಲ್ಲ. ಈಗ ಆಕೆಯ ಹೆಸರಿನಿಂದ ಬಾಧೆ. ಬದುಕಿದ್ದಾಗ ಲೋಟ ಬೇರೆ ಇಟ್ಟರು. ಸತ್ತ ಮೇಲೆ ಹೊಲದಲ್ಲಿ ಕೂರಲು ಒಂದು ಮೊಳ ಅಗಲದ ಜಾಗವನ್ನೂ ಬಿಡಲಾರರು. ಇದನ್ನು ಗದರದೆ, ಬೈಯದೆ, ಉಪಕಾರ ಮಾಡುವವರ ದನಿಯಲ್ಲಿ ಹೇಳುತ್ತಾರೆ. ಅದಕ್ಕೆ ಎದುರು ಮಾತಾಡುವುದು ಇನ್ನೂ ಕಷ್ಟ.

ದುರ್ಗವ್ವ ಪಂಪಿನ ಕಡೆ ನೋಡುತ್ತಾಳೆ. ತನ್ನ ಹಿಂದೆ ನಿಂತ ಎಂಟು ಜನರ ಕಡೆ ನೋಡುತ್ತಾಳೆ. ಹನ್ನೊಂದು ದಿನ ದುಡಿದವರು. ಇಂದು ಹನ್ನೆರಡನೆಯದು. ಆರೆಕರೆ ಎಂದರೆ ಇನ್ನೂ ಐದು ದಿನದ ಕೆಲಸ. ಟಂಟಂ ತಿರುಗಿ ಹೋಗಿಯಾಗಿದೆ, ಸಂಜೆಗೇ ಬರುವುದು. ಬಹಳ ಹೊತ್ತು ನಿಲ್ಲುವುದಿಲ್ಲ ಆಕೆ.

"ಒತ್ತಿ ಕುಂಡರ್ರೆವ್ವಾ" ಎನ್ನುತ್ತಾಳೆ.

ಯಾರೂ ಅಲುಗುವುದಿಲ್ಲ. ಮೊದಲ ಸಾಲಿನಲ್ಲಿ ಕೂರಲು ಯಾರಿಗೂ ಮನಸ್ಸಿಲ್ಲ. ದುರ್ಗವ್ವನೇ ಹೋಗಿ ಕೃಷ್ಣವ್ವನ ಜಾಗದಲ್ಲಿ ಕೂರುತ್ತಾಳೆ. ಒಬ್ಬೊಬ್ಬರಾಗಿ ಉಳಿದವರು ಅವಳ ಪಕ್ಕಕ್ಕೆ ಸರಿಯುತ್ತಾರೆ. ಸರಿದು ಸರಿದು ಕೊನೆಗೆ ಯಮನವ್ವನಿಗೆ ಉಳಿಯುವುದು ಒಂಬತ್ತನೆಯ ಸಾಲು, ಮಗಳು ಕೂರುತ್ತಿದ್ದ ಸಾಲು. ಆಕೆ ನಿಂತೇ ಇರುತ್ತಾಳೆ. ಬದುವಿನ ಮೇಲಿಂದ ಮಡಿವಾಳೆಪ್ಪ ನೋಡುತ್ತಿದ್ದಾರೆ. ಆಮೇಲೆ ಕೂರುತ್ತಾಳೆ. ಕುರ್ಚಿಗಿ ಮಣ್ಣಿಗಿಡಲು ಇನ್ನಷ್ಟು ಹೊತ್ತು ಬೇಕಾಗುತ್ತದೆ.

ಇಡೀ ದಿನ ಒಂಬತ್ತು ಜನ ಒಂದು ಗೋಡೆಯ ಹಾಗೆ ಸರಿಯುತ್ತಾರೆ. ರೊಟ್ಟಿ ಬಿಚ್ಚುವಾಗಲೂ ಬೀರವ್ವನ ಹೆಸರು ಬರುವುದಿಲ್ಲ, ಸೀತವ್ವನ ಹೆಸರು ಬರುವುದಿಲ್ಲ. ಸಂಜೆ ಎದ್ದು ತಿರುಗಿ ನೋಡಿದರೆ ಕಸ ತೆಗೆದಷ್ಟು ಹೊಲ ಸ್ವಚ್ಛವಾಗಿದೆ. ಎಲ್ಲೂ ಹಸಿರು ಪಟ್ಟಿ ಇಲ್ಲ. ಎಂದಿಗಿಂತ ಅರ್ಧ ಗಂಟೆ ಮೊದಲೇ ಇಂದಿನ ಪಾಲಿನ ಕೆಲಸ ಮುಗಿದಿದೆ. ಮಡಿವಾಳೆಪ್ಪನವರಿಗೆ ಸಂತೋಷವಾಗಿದೆ. "ಹಿಂಗ ಕುಂತರ ನೋಡ, ಎಷ್ಟ ಲಗೂ ಆತು" ಎಂದು ನಾಳೆಯೂ ಬರಲು ಹೇಳುತ್ತಾರೆ.

ಟಂಟಂ ಕಾಯುತ್ತ ರಸ್ತೆಯ ಬದಿ ಕೂತ ದುರ್ಗವ್ವ ಕಾಲಿನ ಹೆಬ್ಬೆರಳಿನ ಮಣ್ಣನ್ನು ಕುರ್ಚಿಗಿಯ ತುದಿಯಿಂದ ಕೆರೆಯುತ್ತಾಳೆ. ಯಮನವ್ವ ಅಷ್ಟು ದೂರ ಬೆನ್ನು ತಿರುಗಿಸಿ ಕೂತಿದ್ದಾಳೆ. ಮುಂದೆ ಬೇರೆ ಹೊಲ ಸಿಕ್ಕರೆ ಮತ್ತೆ ಸಾಲು ಬಿಡುತ್ತೀರಾ ಎಂದರೆ ದುರ್ಗವ್ವ ಇನ್ನೊಂದು ಕಾಲಿನ ಮಣ್ಣು ಕೆರೆಯತೊಡಗುತ್ತಾಳೆ. ಏನು ಆಸೆ ಇದೆ ಎಂದು ಕೇಳಿದರೆ, ಉತ್ತರವನ್ನು ಕೇಳಿದವರಿಗೆ ಕೊಡದೆ ಎಂಟೂ ಹೆಂಗಸರ ಕಡೆ ತಿರುಗಿ ಹೇಳುತ್ತಾಳೆ:

"ನಾ ಸತ್ತರ ನನ್ನ ಸಾಲ ಬಿಡಬ್ಯಾಡ್ರೆವ್ವಾ. ಮಣ್ಣ ಕೊಟ್ಟ ಮರುದಿನಾನ ಒತ್ತಿ ಕುಂಡರ್ರಿ. ಜಾಗಾ ಖಾಲಿ ಕಂಡರ ನಿಮ್ಮನ್ನೂ ಯಾರೂ ಕರಿಯೂದಿಲ್ಲ."